ಹತ್ತರಲ್ಲಿ ಮೂರು

ಅವಳ ಎದುರಿನ ಸೀಟು ಖಾಲಿಯಾಯಿತು. ಅವಳು ಕೂರಲಿಲ್ಲ.

ಪ್ರಶಾಂತ ಜಾಲರಿಯ ಈಚೆಯಿಂದ ನೋಡುತ್ತಿದ್ದ. ಲೋಕಲ್ ರೈಲಿನಲ್ಲಿ ಹೆಂಗಸರ ಡಬ್ಬಿಗೂ ಪಕ್ಕದ ಡಬ್ಬಿಗೂ ನಡುವೆ ಇರುವುದು ಒಂದು ಕಬ್ಬಿಣದ ಜಾಲರಿ. ಅದರ ಆಚೆ ಅವನ ಹೆಂಡತಿ ಲಾವಣ್ಯಾ ಮೇಲಿನ ಹಿಡಿಗೆ ಕೈ ಕೊಟ್ಟು ಮುಲುಂಡಿನಿಂದ ನಿಂತೇ ಬಂದಿದ್ದಳು. ಘಾಟ್ಕೋಪರಿನಲ್ಲಿ ಕಿಟಕಿಯ ಪಕ್ಕದ ಹೆಂಗಸು ಎದ್ದಳು. ಲಾವಣ್ಯಾ ಅರ್ಧ ಹೆಜ್ಜೆ ಹಿಂದೆ ಸರಿದು ಇನ್ನಾರಿಗೋ ದಾರಿ ಬಿಟ್ಟಳು. ಯಾರಿಗೆ ಎಂದು ಅವನಿಗೆ ಕಾಣಲಿಲ್ಲ. ಕಂಡದ್ದು ಲಾವಣ್ಯಾಳ ಬೆನ್ನು.

ನಿಂತರೆ ಆಗುವುದಿಲ್ಲ ಎನ್ನುವವಳು ಸಿಕ್ಕ ಸೀಟು ಬಿಡುತ್ತಾಳೆಯೆ?

ಹೀಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಆದರೆ ಯೋಚನೆ ಹೋಗಲಿಲ್ಲ. ಆರೋಗ್ಯ ವಿಮೆಯ ಕಂಪನಿಯಲ್ಲಿ ಅವನ ಕೆಲಸವೇ ಅದು. ಕ್ಲೇಮು ಹಾಕಿದವರ ಕಾಗದಗಳನ್ನು ಓದಿ, ಇವರನ್ನು ನಂಬಬಹುದೋ ಬಾರದೋ ಎಂದು ಕೆಳಗೆ ಒಂದು ಸಾಲು ಬರೆಯುವುದು. ಬೆನ್ನು ಬಗ್ಗಿಸಲಾರೆ ಎಂದವನೊಬ್ಬ ತಮ್ಮನ ಮದುವೆಯ ವಿಡಿಯೋದಲ್ಲಿ ಕುಣಿಯುತ್ತಿದ್ದುದನ್ನು ಅವನು ಹುಡುಕಿ ಹಿಡಿದಿದ್ದ. ಅಂದು ಮ್ಯಾನೇಜರ್ ಭುಜ ತಟ್ಟಿದ್ದ. ಸಂಜೆ ಆಫೀಸಿನಿಂದ ಹೊರಡುವಾಗ ಕಂಪ್ಯೂಟರ್ ಆರಿಸಬಹುದಿತ್ತು. ಆ ಕಣ್ಣನ್ನು ಆರಿಸಲು ಅವನಿಗೆ ಬರುತ್ತಿರಲಿಲ್ಲ.

"ಕಿಧರ್ ಉತರೇಗಾ?" ಎಂದು ಯಾರೋ ಅವನ ಮೊಣಕಾಲು ತಟ್ಟಿದರು.

"ಬೈಕುಲ್ಲಾ."

ಕೇಳಿದವನ ಮುಖ ಇಳಿಯಿತು. ಅವನು ಎದುರು ಸಾಲಿನತ್ತ ತಿರುಗಿ ಅದನ್ನೇ ಮತ್ತೊಬ್ಬನಿಗೆ ಕೇಳಿದ.

ಈ ಊರಿನಲ್ಲಿ ಗುರುತಿಲ್ಲದವರು ಒಬ್ಬರಿಗೊಬ್ಬರು ಕೇಳುವ ಪ್ರಶ್ನೆ ಇದೊಂದೇ, ಎಲ್ಲಿ ಇಳಿಯುತ್ತೀರಿ ಎಂದು. ಹತ್ತಿರದ ಸ್ಟೇಷನ್ ಹೇಳಿದರೆ ಕೇಳಿದವನು ನಿಮ್ಮ ಮೊಣಕಾಲಿಗೆ ಅಂಟಿಕೊಂಡು ನಿಲ್ಲುತ್ತಾನೆ. ದೂರದ್ದು ಹೇಳಿದರೆ ಬೇರೆ ಸೀಟು ಹುಡುಕಿ ಹೋಗುತ್ತಾನೆ. ನಿಮ್ಮ ಹೆಸರು, ಊರು, ಕಷ್ಟ ಯಾವುದೂ ಅವನಿಗೆ ಬೇಡ. ನೀವು ಯಾವಾಗ ಇಲ್ಲವಾಗುತ್ತೀರಿ ಎಂಬುದಷ್ಟೇ ಬೇಕು. ಪ್ರಶಾಂತನಿಗೆ ಈ ಪ್ರಶ್ನೆಯ ಪ್ರಾಮಾಣಿಕತೆ ಇಷ್ಟ.

ಮದುವೆಯಾದ ಹೊಸತರಲ್ಲಿ ಲಾವಣ್ಯಾ ಅವನ ಡಬ್ಬಿಯಲ್ಲಿಯೇ ಬರುತ್ತಿದ್ದಳು. ಅವನು ತನ್ನ ಎರಡು ತೋಳುಗಳ ನಡುವೆ ಅವಳಿಗೆ ಜಾಗ ಮಾಡಿ, ಬೆನ್ನಿನಿಂದ ಜನರನ್ನು ತಡೆದು ನಿಲ್ಲುತ್ತಿದ್ದ. ಯಾವಾಗ ಅವಳು ಆಚೆಗೆ ಹತ್ತತೊಡಗಿದಳೋ ನೆನಪಿಲ್ಲ. ಜಗಳವೇನೂ ಆಗಿರಲಿಲ್ಲ. ಈಗ ಒಂದೇ ಗಾಡಿ, ಬೇರೆ ಡಬ್ಬಿ. ಜಾಲರಿಗೆ ತಾಗಿದ ಸೀಟು ಹಿಡಿಯುವುದು ಮಾತ್ರ ಅವನಿಗೆ ರೂಢಿಯಾಗಿ ಉಳಿದಿತ್ತು.

ಬೆಳಿಗ್ಗೆ ಹೊರಡುವಾಗ ಅವನ ತಾಯಿ ಶೀಲಾವತಿ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು ತೆಂಗಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೊಣಕಾಲಿನ ಹಿಂದಿನಿಂದ ಹಿಮ್ಮಡಿಯವರೆಗೆ ನೀಲಿ ನರಗಳು ಹುರಿಯಂತೆ ಎದ್ದು ಕಾಣುತ್ತಿದ್ದವು. ಗಂಡ ನಡೆಸುತ್ತಿದ್ದ ಬೈಕುಲ್ಲಾದ ಹೋಟೆಲಿನ ಒಳಕೋಣೆಯಲ್ಲಿ ಒಂದು ಆಯುಷ್ಯ ನಿಂತದ್ದರ ಗುರುತು.

"ನೋವುಂಟಾ ಅಮ್ಮ?" ಎಂದು ಕೇಳಿದ್ದ.

"ಎಂತ ನೋವು? ನಿಂತವರಿಗೆ ಇರ್ತದೆ." ಅವಳು ಒಳಗೆ ಕೇಳುವಷ್ಟು ಮಾತ್ರ ದನಿ ಎತ್ತರಿಸಿದ್ದಳು. "ಕಾಲಿಂದು ಸರಿ ಮಗಾ. ಹೊಟ್ಟೆಯ ಅಡಿಯಲ್ಲೂ ನರ ಉಬ್ಬುದು ಅಂತ ನಾವು ಕೇಳಿದ್ದೇ ಇಲ್ಲ. ಈಗ ಎಲ್ಲದಕ್ಕೂ ಒಂದು ಹೆಸರು ಬಂದದೆ."

ಒಳಗೆ ಲಾವಣ್ಯಾ ಡಬ್ಬದ ಮುಚ್ಚಳ ಹಾಕುತ್ತಿದ್ದಳು. ಮುಚ್ಚಳದ ಸದ್ದಿನಲ್ಲಿ ಉತ್ತರವೇನಾದರೂ ಇದೆಯೇ ಎಂದು ಅವನು ಕಿವಿಗೊಟ್ಟಿದ್ದ. ಇರಲಿಲ್ಲ.

"ಮಮ್ಮಿ ಬ್ಲಡ್ ಕೊಡ್ಲಿಕ್ಕೆ ಹೋಗ್ತಾಳಾ?" ಮಗಳು ಯಕ್ಷಿತಾ ಸಾಕ್ಸ್ ಏರಿಸುತ್ತ ಕೇಳಿದ್ದಳು. "ಸೂಯೀ ಮೇ ರೋಯೇಗಿ ಕ್ಯಾ?"

"ಸೂಜಿಗೆಲ್ಲ ಅವಳು ಅಳುದಿಲ್ಲ," ಅಂದಿದ್ದಳು ಶೀಲಾವತಿ. ಹೊಗಳಿಕೆಯೋ ದೂರೋ ತಿಳಿಯಲಿಲ್ಲ.

ನೋವು ಯಕ್ಷಿತಾ ಹುಟ್ಟಿದ ಮೇಲೆ ಶುರುವಾದದ್ದು ಎಂದು ಲಾವಣ್ಯಾ ಹೇಳುತ್ತಾಳೆ. ಅಂದರೆ ಯಕ್ಷಿತಾಳಷ್ಟೇ ವಯಸ್ಸು ಅದಕ್ಕೆ. ಡಾಕ್ಟರರು ಒಬ್ಬರಾದ ಮೇಲೆ ಒಬ್ಬರು ಗ್ಯಾಸ್ ಎಂದರು, ಟೆನ್ಷನ್ ಎಂದರು, ಯೋಗ ಮಾಡಿ ಎಂದರು. ಹೋದ ತಿಂಗಳು ಒಬ್ಬಾಕೆ ಸ್ಕ್ಯಾನ್ ಮಾಡಿಸಿ, ಕಿಬ್ಬೊಟ್ಟೆಯೊಳಗೆ ರಕ್ತನಾಳಗಳು ಉಬ್ಬಿವೆ ಎಂದರು. ಪ್ರಶಾಂತನಿಗೆ ನಿರಾಳವಾಗುವಷ್ಟರಲ್ಲಿ ಆಕೆ ಮುಂದುವರಿಸಿದ್ದರು. ಹೀಗೆ ನಾಳ ಉಬ್ಬಿದ ಎಷ್ಟೋ ಹೆಂಗಸರಿಗೆ ಯಾವ ನೋವೂ ಇರುವುದಿಲ್ಲ, ಕೆಲವರಿಗೆ ಮಾತ್ರ ಯಾಕೆ ನೋಯುತ್ತದೆ ಎಂದು ಗೊತ್ತಿಲ್ಲ. ನೋಯುವವರ ರಕ್ತದಲ್ಲಿ ಏನಾದರೂ ಗುರುತು ಇದೆಯೇ ಎಂದು ಬೈಕುಲ್ಲಾದ ಒಂದು ಆಸ್ಪತ್ರೆಯಲ್ಲಿ ನೋಡುತ್ತಿದ್ದಾರೆ. ಹೋಗಿ ಬನ್ನಿ.

ರಕ್ತದಲ್ಲಿ ಗುರುತು. ಆ ಮಾತು ಅವನೊಳಗೆ ಕೂತುಬಿಟ್ಟಿತ್ತು.

ರಾತ್ರಿ ಅವನ ಕೈ ತಾಗಿದ ಕೂಡಲೇ ಅವಳ ಮೈ ಬಿಗಿಯಾಗುತ್ತಿತ್ತು. ಬೇಡ ಎಂದು ಅವಳು ಹೇಳುತ್ತಿರಲಿಲ್ಲ. ಆಮೇಲೆ ಗೋಡೆಯ ಕಡೆ ತಿರುಗಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದಳು. ಏನಾಯಿತು ಎಂದರೆ ನೋವು ಎನ್ನುತ್ತಿದ್ದಳು. ಆ ಒಂದು ಪದದ ಹಿಂದೆ ಏನಿದೆ ಎಂದು ಅವನು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಯೋಚಿಸುತ್ತಿದ್ದ. ನೋವು ನಿಜವಾದರೆ, ಇಷ್ಟು ವರ್ಷ ಅವನು ಮಾಡಿದ್ದಕ್ಕೆ ಒಂದು ಹೆಸರಿದೆ. ನಿಜವಲ್ಲವಾದರೆ, ಅವಳಿಗೆ ಅವನು ಬೇಡ. ಎರಡರಲ್ಲಿ ಯಾವುದನ್ನು ಬಯಸಬೇಕೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ರಕ್ತವೇ ಹೇಳಲಿ ಎಂದುಕೊಂಡಿದ್ದ.

ಬೈಕುಲ್ಲಾದಲ್ಲಿ ಇಳಿದಾಗ ಅವಳ ಕೈಯ ಚೀಲವನ್ನು ಅವನೇ ತೆಗೆದುಕೊಂಡ.

"ಭಾರ ಇಲ್ಲ," ಅಂದಳು.

"ಇರಲಿ."

ಆಸ್ಪತ್ರೆಯಲ್ಲಿ ಅವರ ಸರದಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಡಾಕ್ಟರ್ ಶೀತಲ್ ಚಿಕ್ಕ ವಯಸ್ಸಿನವಳು. ಮೇಜಿನ ಮೇಲೆ ಅರ್ಧ ತಿಂದ ವಡಾಪಾವ್ ಕಾಗದದಲ್ಲಿ ತಣ್ಣಗಾಗಿತ್ತು. ಮರಾಠಿ ಬೆರೆತ ಹಿಂದಿಯಲ್ಲಿ ಬೇಗ ಬೇಗ ಮಾತಾಡುತ್ತಿದ್ದಳು.

"ನೋವಿನ ನರಗಳು ರಕ್ತಕ್ಕೆ ಏನೋ ಬಿಡುತ್ತವೆ ಅಂತ ನಮ್ಮ ಅನುಮಾನ. ತುಂಬ ಸ್ವಲ್ಪ. ಅದನ್ನು ಅಳೆದು ನೋಡುತ್ತೇವೆ. ಇರಬಹುದು, ಇಲ್ಲದಿರಲೂಬಹುದು. ಅದಕ್ಕೆ ಮೊದಲು ಇವರ ಬಾಯಿಂದ ಕೇಳಬೇಕು." ಅವಳು ಲಾವಣ್ಯಾಳ ಕಡೆ ತಿರುಗಿದಳು. "ಬೋಲಿಯೇ. ಹೇಗಿರುತ್ತದೆ ನೋವು?"

ಲಾವಣ್ಯಾ ಹಿಂದಿಯಲ್ಲಿ ತರಕಾರಿ ಕೊಳ್ಳಬಲ್ಲಳು, ಸೊಸೈಟಿಯ ಮೀಟಿಂಗಿನಲ್ಲಿ ನೀರಿನ ವಿಷಯಕ್ಕೆ ಜಗಳವಾಡಬಲ್ಲಳು. "ವೋ… ನೀಚೇ…" ಅದು, ಕೆಳಗೆ ಎಂದು ಶುರು ಮಾಡಿ ನಿಂತಳು. ಕಿವಿ ಕೆಂಪಾಯಿತು. ಆಮೇಲೆ ಗಂಡನ ಕಡೆ ತಿರುಗಿ ಮನೆಯ ಮಾತಿನಲ್ಲಿಯೇ ಹೇಳಿದಳು.

"ಅವರಿಗೆ ಹೇಳಿ. ನಿಂತರೆ ಒಳಗಿಂದ ಯಾರೋ ಕೆಳಗೆ ಜಗ್ಗಿದ ಹಾಗೆ ಆಗ್ತದೆ. ಸಂಜೆಯಾದರೆ ತುಂಬಿದ ಕೊಡಪಾನ ಹೊಟ್ಟೆಯ ಅಡಿಗೆ ನೇತು ಹಾಕಿದ ಹಾಗೆ. ಉರಿ. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ನಾನು ನೆಲದಲ್ಲಿ ಮಲಗಿ ಕಾಲು ಗೋಡೆಗೆ ಇಟ್ಟುಕೊಳ್ತೇನೆ. ಒಮ್ಮೊಮ್ಮೆ ಕುಕ್ಕರ್ ಕೂಗಿದ್ದೂ ಗೊತ್ತಾಗುದಿಲ್ಲ."

ನೆಲದಲ್ಲಿ ಮಲಗುವುದು ಅವನಿಗೆ ಗೊತ್ತಿರಲಿಲ್ಲ. ಇಷ್ಟೂ ಮಾತನ್ನು ಅವಳು ಒಟ್ಟಿಗೆ ಆಡಿದ್ದು ಯಾವಾಗ ಎಂಬುದೂ ನೆನಪಾಗಲಿಲ್ಲ.

ಡಾಕ್ಟರ್ ಅವನ ಮುಖ ನೋಡಿದಳು.

"ಥೋಡಾ ಭಾರೀ ಲಗ್ತಾ ಹೈ," ಅಂದ ಪ್ರಶಾಂತ. ಸ್ವಲ್ಪ ಭಾರ ಎನ್ನಿಸುತ್ತದಂತೆ.

"ಅಷ್ಟೇನಾ? ಅವರು ಅಷ್ಟುದ್ದ ಹೇಳಿದರು."

"ಸಂಜೆ ಹೊತ್ತು ಜಾಸ್ತಿ."

ಅವಳು ಬರೆದುಕೊಂಡಳು. "ಗಂಡ ಹೆಂಡತಿ ಕೂಡಿದ ಮೇಲೆ ನೋವಾಗುತ್ತದೆಯೇ? ಮರುದಿನದವರೆಗೆ ಉಳಿಯುತ್ತದೆಯೇ? ಕೇಳಿ."

ಅವನು ಕೇಳಲಿಲ್ಲ. "ಇಲ್ಲ," ಅಂದ.

ಲಾವಣ್ಯಾ ಗೋಡೆಯ ಮೇಲಿದ್ದ ಎದೆಹಾಲಿನ ಪೋಸ್ಟರ್ ನೋಡುತ್ತಿದ್ದಳು. ಪೋಸ್ಟರಿನ ತಾಯಿ ನಗುತ್ತಿದ್ದಳು.

"ಕೊನೆಯದು. ಶೂನ್ಯ ಎಂದರೆ ಏನೂ ಇಲ್ಲ. ಹತ್ತು ಎಂದರೆ ಇದಕ್ಕಿಂತ ಹೆಚ್ಚಿನದು ಕಲ್ಪಿಸಲೂ ಆಗದು. ಇವರದು ಎಷ್ಟು?"

ಇದು ಅವನಿಗೆ ಚೆನ್ನಾಗಿ ಗೊತ್ತಿದ್ದ ಪ್ರಶ್ನೆ. ಕ್ಲೇಮಿನ ಕಾಗದಗಳಲ್ಲಿ ದಿನವೂ ನೋಡುತ್ತಿದ್ದ. ಹತ್ತು ಎಂದು ಬರೆದವನ ಫೈಲನ್ನು ಮೊದಲು ಬೇರೆ ಇಡುತ್ತಾರೆ. ಎಂಟು, ಒಂಬತ್ತು ಎಂದವನು ಯಾರಿಂದಲೋ ಹೇಳಿಸಿಕೊಂಡು ಬಂದವನು. ನಂಬುವುದು ಸಣ್ಣ ಅಂಕಿಯನ್ನು. ಸಣ್ಣದು ಹೇಳುವವನಿಗೆ ಸುಳ್ಳು ಹೇಳುವ ಕಾರಣ ಇರುವುದಿಲ್ಲ. ಲಾವಣ್ಯಾಳನ್ನು ಇವರು ನಂಬಬೇಕು, ನಕ್ಕು ಕಳಿಸಬಾರದು. ಅವಳ ಒಳ್ಳೆಯದಕ್ಕೇ ಎಂದುಕೊಂಡ. ಹಾಗೆಂದುಕೊಳ್ಳುವ ಮೊದಲೇ ಬಾಯಿ ತೆರೆದಿತ್ತು.

"ತೀನ್."

ಲಾವಣ್ಯಾ ಪೋಸ್ಟರಿನಿಂದ ಕಣ್ಣು ಕಿತ್ತು ಅವನನ್ನು ಒಮ್ಮೆ ನೋಡಿದಳು. ತೀನ್ ಎಂದರೆ ಎಷ್ಟೆಂದು ತರಕಾರಿ ಕೊಳ್ಳುವವರಿಗೆ ಗೊತ್ತಿರುತ್ತದೆ.

ಹೊರಗೆ ಬೆಂಚಿನಲ್ಲಿ ರಕ್ತ ಕೊಡುವವರ ಸಾಲು. ಲಾವಣ್ಯಾಳ ಪಕ್ಕ ಕೂತಿದ್ದ ಹೆಂಗಸು ಇವರ ಮಾತು ಕೇಳಿ ಹಿಗ್ಗಿದಳು.

"ಕನ್ನಡದವರೇನು? ನಂದು ಕಲಬುರ್ಗಿ ಕಡಿ. ಗುರುಬಾಯಿ ಅಂತ. ಇಲ್ಲೇ ಆಂಟಾಪ್ ಹಿಲ್‌ನ್ಯಾಗ ಇರ್ತೀವಿ, ಬಿಲ್ಡಿಂಗ್ ಕೆಲಸಕ್ಕ ಹೋಗ್ತೀನಿ. ನಿನಗ ಎಷ್ಟು ಕೊಟ್ಟರು ತಂಗಿ?"

"ಎಂತ ಎಷ್ಟು?"

"ನಂಬರ, ನಂಬರ. ಒಳಗ ಕೇಳಿದರಲ್ಲ. ನಾ ಹನ್ನೆರಡ ಅಂದೆ. ಹತ್ತಕ್ಕ ಮುಗೀತದ ಅಂತ ಡಾಕ್ಟರಬಾಯಿ ನಕ್ಕಳು. ನಿಮ್ಮ ಲೆಕ್ಕ ಹತ್ತಕ್ಕ ಮುಗೀತದ, ನನ್ನ ಹೊಟ್ಟಿ ಮುಗಿಯಂಗಿಲ್ಲಲ್ಲ ಅಂದೆ ನಾನು. ಕಡೀಕ ಒಂಬತ್ತಕ್ಕ ರಾಜಿ ಆತು."

ಲಾವಣ್ಯಾ ನಕ್ಕಳು. ಬೆಳಗಿನಿಂದ ಮೊದಲ ಸಲ.

"ನಿಮ್ಮವರು ಬರ್ಲಿಲ್ವಾ?"

"ಬಂದಾನ. ಹೊರಗ ಬೀಡಿ ಸೇದಾಕತ್ತಾನ. ಒಳಗ ಬಾ ಅಂದ್ರ, ಹೆಂಗಸರ ಮಾತು ಅಂತ ನಾಚಗೊಂಡು ಓಡಿದ. ಚಲೋನ ಆತು ಬಿಡು." ಗುರುಬಾಯಿ ಪ್ರಶಾಂತನನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ಗಂಡ ಭಾಳ ಚಲೋ ಕಾಣ್ತಾನ. ಚೀಲ ಸೈತ ಹಿಡ್ಕೊಂಡಾನ."

ಪ್ರಶಾಂತ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಹನ್ನೆರಡು ಎಂದವಳು. ಇವಳ ಫೈಲು ಅವನ ಮೇಜಿಗೆ ಬಂದಿದ್ದರೆ ಎರಡು ನಿಮಿಷವೂ ಉಳಿಯುತ್ತಿರಲಿಲ್ಲ.

ಗುರುಬಾಯಿಯ ರಕ್ತ ತೆಗೆದ ಟೆಕ್ನಿಷಿಯನ್ ಗಾಜಿನ ನಳಿಗೆಗೆ ಕೆಂಪು ಚೀಟಿ ಅಂಟಿಸಿ ಬಲಗಡೆಯ ತಟ್ಟೆಯಲ್ಲಿ ನಿಲ್ಲಿಸಿದಳು. ಆಮೇಲೆ ಲಾವಣ್ಯಾ ತೋಳು ಚಾಚಿದಳು. ಸೂಜಿ ಒಳಹೋದಾಗ ಅವಳ ಮುಖದಲ್ಲಿ ಏನೂ ಆಗಲಿಲ್ಲ. ಗಾಜಿನೊಳಗೆ ರಕ್ತ ಕಪ್ಪಾಗಿ, ಅವಸರವಿಲ್ಲದೆ ಏರಿತು. ಟೆಕ್ನಿಷಿಯನ್ ಅದಕ್ಕೆ ಬಿಳಿ ಚೀಟಿ ಅಂಟಿಸಿದಳು. ಎಡಗಡೆಯ ತಟ್ಟೆಯಲ್ಲಿ ಇಟ್ಟಳು.

ಎಡಗಡೆಯ ತಟ್ಟೆಯಲ್ಲಿ ಹೆಚ್ಚು ನಳಿಗೆಗಳಿರಲಿಲ್ಲ.

ಡಾಕ್ಟರ್ ಶೀತಲ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಪ್ರಶಾಂತ ಕೇಳಿದ. "ಬಿಳಿ ಎಂದರೆ?"

"ನೋವಿಲ್ಲದವರು. ಮೂರು, ಅದಕ್ಕಿಂತ ಕಡಿಮೆ. ನಾಳ ಉಬ್ಬಿದೆ, ಆದರೆ ಹೇಳಿಕೊಳ್ಳುವಂಥ ನೋವಿಲ್ಲ. ಅವರ ರಕ್ತದ ಪಕ್ಕ ಇಟ್ಟು ನೋಡಿದರೆ ತಾನೇ ನೋಯುವವರ ರಕ್ತದಲ್ಲಿ ಏನು ಹೆಚ್ಚಿದೆ ಅಂತ ಗೊತ್ತಾಗೋದು?" ಅವಳು ನಿಜವಾದ ಸಂತೋಷದಿಂದ ನಕ್ಕಳು. "ಇಂಥವರು ಸಿಗೋದೇ ಕಷ್ಟ. ನೋವಿಲ್ಲದವರು ಆಸ್ಪತ್ರೆಗೆ ಯಾಕೆ ಬರುತ್ತಾರೆ, ಹೇಳಿ? ಥ್ಯಾಂಕ್ಯೂ."

"ಮುಂದೆ?"

"ಕೆಂಪಿನವರನ್ನು ಮತ್ತೆ ಕರೆದು ಆ ನಾಳಗಳನ್ನು ಮುಚ್ಚುವ ಚಿಕಿತ್ಸೆ ಮಾಡುತ್ತೇವೆ. ಬಿಳಿಯವರಿಗೆ ಅದು ಬೇಕಾಗಿಲ್ಲವಲ್ಲ. ನಿಮ್ಮ ಕೆಲಸ ಮುಗಿಯಿತು." ಅವಳು ಕಾರ್ಡ್ ಕೊಟ್ಟಳು. "ಏನಾದರೂ ತಿದ್ದುವುದಿದ್ದರೆ ಇವತ್ತು ಸಂಜೆಯೊಳಗೆ ಫೋನ್ ಮಾಡಿ. ಆಮೇಲೆ ನಳಿಗೆಗಳು ಲ್ಯಾಬಿಗೆ ಹೋಗುತ್ತವೆ, ಅಲ್ಲಿ ಹೆಸರು ಇರೋದಿಲ್ಲ. ಈಗ ಏನಾದರೂ ಹೇಳೋದಿತ್ತಾ?"

ಲಾವಣ್ಯಾ ಬೆಂಚಿನಲ್ಲಿ ತೋಳು ಮಡಚಿ ಕೂತು ಅವನನ್ನೇ ನೋಡುತ್ತಿದ್ದಳು.

"ಇಲ್ಲ," ಅಂದ.

ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಅವನ ತಂದೆ ಮೊದಲು ನಡೆಸುತ್ತಿದ್ದ ಹೋಟೆಲು. ಈಗ ದುಡ್ಡಿನ ಗಲ್ಲೆಯಲ್ಲಿ ಧನರಾಜ ಕೂರುತ್ತಾನೆ. ತಂದೆಯ ಕೈಕೆಳಗೆ ಬೆಳೆದವನು. ಹೊಟ್ಟೆ ಗಲ್ಲೆಗೆ ತಾಗುತ್ತದೆ.

"ಎಂತ ಮಾರಾಯಾ, ಗಂಡ ಹೆಂಡತಿ ಸವಾರಿ? ಆಫೀಸಿಗೆ ಚಕ್ಕರಾ?"

"ಆಸ್ಪತ್ರೆಗೆ ಬಂದದ್ದು ಧನರಾಜಣ್ಣ."

"ಆಸ್ಪತ್ರೆಗಾ?" ಧನರಾಜ ಕಣ್ಣರಳಿಸಿದ. "ಹಾಗಾದ್ರೆ ಇವತ್ತಿನ ಸ್ವೀಟು ನನ್ನದು. ಯಕ್ಷಿತಾಳಿಗೆ ತಮ್ಮ ಬರ್ತಾನಾ?"

"ಹಾಗೆಂತ ಇಲ್ಲ ಅಣ್ಣ," ಲಾವಣ್ಯಾ ನಗುತ್ತ ಅಂದಳು. "ಸುಮ್ಮನೆ ಒಂದು ರಕ್ತ ಪರೀಕ್ಷೆ."

"ಸುಮ್ಮನೆ ಯಾರಾದ್ರೂ ರಕ್ತ ಕೊಡ್ತಾರಾ? ಸೊಳ್ಳೆಗೆ ಬೇಕಾದ್ರೆ ಕೊಡುವ, ಡಾಕ್ಟ್ರಿಗೆ ಯಾಕೆ? ಏ, ಆ ಕಡೆ ಟೇಬಲಿಗೆ ಬಿಸಿ ಬನ್ಸ್ ಹಾಕು. ನಿನ್ನ ಅತ್ತೆ ಹೇಗಿದ್ದಾಳೆ? ಎಂಥ ಹೆಂಗಸು ಅದು. ಒಳಗೆ ನಿಂತು ರುಬ್ಬಿದ್ದೇ ರುಬ್ಬಿದ್ದು, ಒಂದು ದಿನ ಉಸ್ ಅಂದವಳಲ್ಲ. ಈಗಿನವರಿಗೆ ಆಗ್ತದಾ?"

"ಎಲ್ಲಿ ಆಗ್ತದೆ ಅಣ್ಣ," ಲಾವಣ್ಯಾ ಅಂದಳು, ಇನ್ನೂ ನಗುತ್ತ.

ಆ ನಗುವನ್ನು ಪ್ರಶಾಂತ ಕಿವಿಯಲ್ಲಿ ತೂಗಿ ನೋಡಿದ. ನೋವಿರುವವರ ನಗು ಹೀಗಿರುತ್ತದೆಯೆ?

ಟೇಬಲಿನಲ್ಲಿ ಅವಳು ಬನ್ಸ್ ಮುರಿದು ಚಟ್ನಿಯಲ್ಲಿ ಅದ್ದಿದಳು. ಬಾಯಿಗಿಡಲಿಲ್ಲ.

"ಮೂರು ಅಂದ್ರಿ," ಅಂದಳು.

"ಹೂಂ."

"ಯಾಕೆ?"

"ಜಾಸ್ತಿ ಹೇಳಿದ್ರೆ ನಂಬುದಿಲ್ಲ."

"ಯಾರು?"

ಅವನು ನೀರು ಕುಡಿದ. "ಅವರು."

"ಓ."

ಫ್ಯಾನು ತಿರುಗಿತು. ಪಕ್ಕದ ಟೇಬಲಿನಲ್ಲಿ ಯಾರೋ ಕಪ್ಪಿನಿಂದ ಸಾಸರಿಗೆ ಚಹಾ ಸುರಿದು ಸುರ್ ಎಂದು ಎಳೆದರು.

"ನನ್ನದಕ್ಕೆ ಬಿಳಿ ಚೀಟಿ ಹಾಕಿದರು," ಲಾವಣ್ಯಾ ಅಂದಳು. "ಗುರುಬಾಯಿಯದ್ದಕ್ಕೆ ಕೆಂಪು."

"ಅವರ ಲೆಕ್ಕ ಏನೋ."

"ಡಾಕ್ಟರು ನಿಮಗೆ ಎಂತ ಹೇಳಿದ್ದು?"

"ಥ್ಯಾಂಕ್ಯೂ ಅಂದರು."

ಅವಳು ತಲೆಯಾಡಿಸಿದಳು. ಕೇಳಿದ್ದಕ್ಕೆ ಸರಿಯಾದ ಉತ್ತರ ಸಿಕ್ಕಿತು ಎಂಬಂತೆ. ಅವನಿಗೆ ಮಾತು ಬದಲಿಸಬೇಕಾಗಿತ್ತು. ಬೆಳಗಿನಿಂದ ಒಳಗೆ ಉಳಿದದ್ದೇ ಹೊರಬಂತು.

"ಗಾಡಿಯಲ್ಲಿ ಸೀಟು ಸಿಕ್ಕಿತಲ್ಲ. ಯಾಕೆ ಬಿಟ್ಟೆ?"

"ಆ ಹುಡುಗಿ ಬಸುರಿ." ಅವಳು ಬನ್ಸನ್ನು ತಟ್ಟೆಯಲ್ಲಿ ವಾಪಸು ಇಟ್ಟಳು. "ನೀವು ನೋಡ್ತಾ ಇದ್ದಿರಾ?"

ಅವನು ಎದ್ದ. "ಆಫೀಸಿಗೆ ಒಂದು ಫೋನ್ ಮಾಡಿ ಬರ್ತೇನೆ."

ಹೊರಗೆ ಕೈಗಾಡಿಯವನೊಬ್ಬ ಈರುಳ್ಳಿ ಮೂಟೆಗಳ ಗಾಡಿಯನ್ನು ಬಸ್ಸಿನ ಎದುರೇ ತಿರುಗಿಸುತ್ತಿದ್ದ. ಹಾರ್ನುಗಳು. ಪ್ರಶಾಂತ ಕಾರ್ಡ್ ತೆಗೆದ. ತಿದ್ದಿಬಿಡುವುದು. ಒಂದು ವಾಕ್ಯದ ಕೆಲಸ. ನನಗೆ ಹೇಳಲು ಬರಲಿಲ್ಲ, ಅವಳು ಹೇಳಿದ್ದು ಬೇರೆ. ಎರಡು ವಾಕ್ಯ.

"ಹಾಂ, ಹೇಳಿ," ಶೀತಲ್‌ಳ ದನಿ. "ಲಾವಣ್ಯಾ ಅವರ ಗಂಡ ಅಲ್ಲವೇ?"

"ಆ ಮೂರು…"

"ಏನು? ಕೇಳುತ್ತಿಲ್ಲ."

ಅವನು ಹೋಟೆಲಿನ ಗಾಜಿಗೆ ಹತ್ತಿರ ಸರಿದ. ಒಳಗೆ ಲಾವಣ್ಯಾ ಕಂಡಳು. ತಾನು ಕಾಣುತ್ತಿರುವೆ ಎಂದು ಗೊತ್ತಿಲ್ಲದ ಲಾವಣ್ಯಾ. ಅವಳ ಹಣೆ ಟೇಬಲಿನ ಅಂಚಿಗೆ ತಾಗುವಷ್ಟು ಬಾಗಿತ್ತು. ಒಂದು ಮುಷ್ಟಿ ಹೊಟ್ಟೆಯ ಅಡಿಗೆ ಒತ್ತಿಕೊಂಡಿತ್ತು. ಇನ್ನೊಂದು ಕೈ ಟೇಬಲಿನ ಕಾಲನ್ನು ಹಿಡಿದಿತ್ತು, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಬಾಯಿ ತೆರೆದಿತ್ತು. ಸದ್ದು ಬರುತ್ತಿತ್ತೋ ಇಲ್ಲವೋ, ಗಾಜಿನ ಈಚೆಗೆ ಕೇಳಲಿಲ್ಲ.

ಇದಕ್ಕಾಗಿಯೇ ಅವನು ಇಷ್ಟು ವರ್ಷ ಕಾದಿದ್ದ. ಯಾರ ಎದುರೂ ಅಲ್ಲದೆ, ಯಾರಿಗೂ ತೋರಿಸಲಿಕ್ಕಲ್ಲದೆ ಇರುವ ಪುರಾವೆ. ಸಿಕ್ಕಿತು. ರಕ್ತ ಬೇಕಾಗಿರಲೇ ಇಲ್ಲ.

"ಹಲೋ? ಮೂರು ಏನು?"

ಮೂರು ತಪ್ಪು ಎಂದರೆ ಸರಿಯಾದದ್ದು ಎಷ್ಟು? ಎಷ್ಟೆಂದು ಹೇಳಿದರೂ ಆ ಅಂಕಿ ಇವತ್ತಿನದಲ್ಲ. ಅದು ಹಿಂದಕ್ಕೆ ಹೋಗುತ್ತದೆ. ಒಂದೊಂದೇ ರಾತ್ರಿಯನ್ನು ಎಬ್ಬಿಸುತ್ತದೆ. ಗೋಡೆಯ ಕಡೆ ತಿರುಗಿದ ಬೆನ್ನನ್ನು, ದಿಂಬನ್ನು, ಅವಳು ಹೇಳದೆ ಬಿಟ್ಟ ಬೇಡಗಳನ್ನು. ಮೂರು ಎಂದರೆ ಅವನು ಸ್ವಲ್ಪ ಒರಟ, ಸ್ವಲ್ಪ ಮಂದ. ಅಷ್ಟರೊಂದಿಗೆ ಬದುಕಬಹುದು. ಒಂಬತ್ತು ಎಂದರೆ?

"ಮೂರು ಎಂದದ್ದು… ನಿಮಗೆ ಉಪಯೋಗವಾಗುತ್ತದೆ ಅಲ್ಲವೇ, ಅಂತ."

"ಬಹಳ," ಶೀತಲ್ ನಕ್ಕಳು. "ಬೇರೇನಾದರೂ?"

"ಇಲ್ಲ. ಅಷ್ಟೇ."

ಅವನು ಬಾಗಿಲು ತಳ್ಳಿದ. ಬಾಗಿಲಿನ ಸದ್ದಿಗೆ ಲಾವಣ್ಯಾಳ ಬೆನ್ನು ನೆಟ್ಟಗಾಯಿತು. ಅವನು ಟೇಬಲು ತಲುಪುವಾಗ ಅವಳು ಗಲ್ಲೆಯ ಕಡೆ ತಿರುಗಿ, ಬನ್ಸ್ ಒಳ್ಳೆಯದಿತ್ತು ಎಂದು ಧನರಾಜನಿಗೆ ಹೇಳುತ್ತಿದ್ದಳು.

"ಆಯ್ತಾ ಫೋನು?"

"ಆಯ್ತು."

"ಆಫೀಸಿಗಾ?"

"ಹೂಂ."

ಅವಳು ಅವನ ಕೈಯಲ್ಲಿದ್ದ ಕಾರ್ಡಿನ ಮೇಲೆ ಕಣ್ಣಿಟ್ಟಳು. ಅವನು ಅದನ್ನು ಜೇಬಿಗೆ ಹಾಕಿದ. ಇಬ್ಬರೂ ಎದ್ದರು. ಚೀಲವನ್ನು ಅವನೇ ಹೆಗಲಿಗೆ ಹಾಕಿಕೊಂಡ.

ಪ್ಲಾಟ್‌ಫಾರ್ಮಿನಲ್ಲಿ ಸಂಜೆಯ ಜನ ಆಗಲೇ ಗಟ್ಟಿಯಾಗಿತ್ತು. ಮುಲುಂಡ್ ದಾಟಿ ಕಲ್ಯಾಣಕ್ಕೆ ಹೋಗುವ ಸ್ಲೋ ಗಾಡಿ ಬಂತು. ಅವಳು ಹೆಂಗಸರ ಡಬ್ಬಿಯ ಕಡೆ ನಡೆದಳು. ನನ್ನ ಡಬ್ಬಿಗೇ ಬಾ ಎನ್ನಬೇಕು ಎನ್ನಿಸಿತು ಅವನಿಗೆ. ತೋಳುಗಳ ನಡುವೆ ಜಾಗ ಮಾಡಬೇಕು. ಅಷ್ಟರಲ್ಲಿ ಹಿಂದಿನವರು ಅವನನ್ನು ಎತ್ತಿ ಒಳಗೆ ಹಾಕಿದ್ದರು.

ಜಾಲರಿಯವರೆಗೆ ಅವನು ಮೊಣಕೈಯಿಂದ ದಾರಿ ಮಾಡಿಕೊಂಡ. ಆಚೆ ಅವಳು ನಿಂತಿದ್ದಳು. ದಾದರ್ ದಾಟಿತು, ಸಾಯನ್ ದಾಟಿತು. ಸುತ್ತಲೂ ಹೆಂಗಸರು ನಿಂತಿದ್ದರು. ಒಬ್ಬೊಬ್ಬರೂ ಆಗಾಗ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದರು. ಮೆಂತ್ಯ ಸೊಪ್ಪು ಬಿಡಿಸುವವಳು, ಫೋನಿನಲ್ಲಿ ಬೈಯುವವಳು, ಕಣ್ಣು ಮುಚ್ಚಿಕೊಂಡು ತುಟಿ ಅಲ್ಲಾಡಿಸುವವಳು. ಇವರಲ್ಲಿ ಯಾರದು ಕೆಂಪು, ಯಾರದು ಬಿಳಿ? ಅವನ ತರಬೇತಿ ಪಡೆದ ಕಣ್ಣು ಒಂದೊಂದು ಮುಖವನ್ನೂ ಓದಲು ನೋಡಿತು. ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ.

ಕುರ್ಲಾದಲ್ಲಿ ಅವಳಿಗೆ ಸೀಟು ಸಿಕ್ಕಿತು. ಈ ಸಲ ಕೂತಳು. ಕಿಟಕಿಯ ಪಕ್ಕ. ಕಣ್ಣು ಮುಚ್ಚಿದಳು. ಅವಳ ಮುಖ ನಿಧಾನವಾಗಿ ಸಡಿಲವಾಯಿತು. ಮನೆಯಲ್ಲಿ ಅವನು ಎಂದೂ ನೋಡಿರದ ಮುಖ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದವಳ ಮುಖ.

ಮನೆಗೆ ಹೋದ ಮೇಲೆ ಹೇಳುವುದು. ಅವನು ವಾಕ್ಯ ಜೋಡಿಸತೊಡಗಿದ. ನಾನು ತಪ್ಪು ಹೇಳಿದೆ ಎಂದು ಶುರು ಮಾಡಬಹುದು. ಆ ಹೊತ್ತಿಗೆ ನಳಿಗೆಗಳು ಲ್ಯಾಬಿಗೆ ಹೋಗಿರುತ್ತವೆ, ಹೆಸರು ಕಳಚಿರುತ್ತದೆ. ನೋವಿಲ್ಲದ ಹೆಂಗಸಿನ ರಕ್ತ ಹೀಗಿರುತ್ತದೆ ಎಂದು ಯಾರೋ ಅವಳ ರಕ್ತವನ್ನು ನೋಡಿ ಬರೆದುಕೊಳ್ಳುತ್ತಾರೆ. ಅದನ್ನೂ ಹೇಳಬೇಕೆ?

ಭಾಂಡುಪ್ ಬಿಟ್ಟಿತು. ಇನ್ನು ನಾಹೂರ್. ಅದಾದರೆ ಮುಲುಂಡ್.

ಕಂಕುಳಲ್ಲಿ ಫೈಲು ಸಿಕ್ಕಿಸಿಕೊಂಡ ಒಬ್ಬ ಹೆಂಗಸು ಲಾವಣ್ಯಾಳ ಭುಜ ತಟ್ಟಿ ಬಾಗಿದಳು. ಏನು ಕೇಳಿದಳೆಂದು ಕೇಳಿಸಬೇಕಾಗಿರಲಿಲ್ಲ. ಲಾವಣ್ಯಾ ಕಣ್ಣು ತೆರೆದಳು. ತುಟಿ ಆಡಿತು.

ಹೆಂಗಸಿನ ಮುಖ ಇಳಿಯಿತು. ಅವಳು ಬೇರೆ ಸೀಟು ಹುಡುಕಿ ಆಚೆ ಸರಿದಳು.

ಪ್ರಶಾಂತ ನೋಡುತ್ತಲೇ ನಿಂತ. ಮುಲುಂಡ್ ಎಂದಿದ್ದರೆ ಅವಳು ಅಲ್ಲಿಯೇ ಅಂಟಿ ನಿಲ್ಲಬೇಕಾಗಿತ್ತು. ಎರಡನೆಯ ಸ್ಟೇಷನ್ನಿಗೆ ಖಾಲಿಯಾಗುವ ಸೀಟನ್ನು ಈ ಊರಿನಲ್ಲಿ ಯಾರೂ ಬಿಡುವುದಿಲ್ಲ. ಲಾವಣ್ಯಾ ಯಾವ ಸ್ಟೇಷನ್ ಹೇಳಿದಳು?

ನಾಹೂರ್ ದಾಟಿತು. ಅವನ ಕೈ ಫೋನಿಗೆ ಹೋಯಿತು. ಅವಳ ನಂಬರು ಒತ್ತಿದ. ರಿಂಗಾಯಿತು, ಅವನ ಹೆಗಲಿನಲ್ಲಿದ್ದ ಅವಳ ಚೀಲದೊಳಗೆ.

"ಲಾವಣ್ಯಾ," ಎಂದ. ಗಾಡಿಯ ಸದ್ದಿನಲ್ಲಿ ತನಗೇ ಕೇಳಿಸಲಿಲ್ಲ. ಜಾಲರಿಗೆ ಬಾಯಿ ತಾಗಿಸಿ ಮತ್ತೆ ಕರೆದ. ಆಚೆಯ ಹೆಂಗಸರು ಒಬ್ಬೊಬ್ಬರಾಗಿ ಅವನ ಕಡೆ ತಿರುಗಿದರು. ಮೆಂತ್ಯ ಬಿಡಿಸುವವಳೂ ಕೈ ನಿಲ್ಲಿಸಿದಳು. ಒಬ್ಬಳು ಮಾತ್ರ ತಿರುಗಲಿಲ್ಲ. ಅವಳು ಮತ್ತೆ ಕಣ್ಣು ಮುಚ್ಚಿದ್ದಳು.

"ಚಲೋ ಚಲೋ, ಮುಲುಂಡ್," ಎಂದು ಬೆನ್ನ ಹಿಂದಿನಿಂದ ಜನ ಒತ್ತಿದರು. ಅವನ ಬೆರಳುಗಳು ಜಾಲರಿಯಿಂದ ಕಿತ್ತು ಬಂದವು. ಹಿಮ್ಮುಖವಾಗಿ ನಡೆಯುತ್ತ, ಬಾಗಿಲಿನಿಂದ ಹೊರಗೆ ಬಿದ್ದಂತೆ ಇಳಿದ.

ಹೆಂಗಸರ ಡಬ್ಬಿಯ ಬಾಗಿಲಿಗೆ ಓಡಿದ. ಇಳಿಯುತ್ತಿದ್ದರು. ಸೀರೆ, ಸಲ್ವಾರ್, ಟಿಫಿನ್ ಚೀಲ, ಇನ್ನೊಂದು ಸೀರೆ. ಪ್ರತಿ ಮುಖಕ್ಕೂ ಅವನ ಮುಖ ಒಮ್ಮೆ ಅರಳಿ ಆರಿತು. ಬಾಗಿಲು ಖಾಲಿಯಾಯಿತು. ಹತ್ತುವವರು ಹತ್ತಿದರು.

ಗಾಡಿ ಹೊರಟಿತು. ಅವಳ ಕಿಟಕಿ ಅವನ ಎದುರಿಗೇ ಬಂದು, ನಿಲ್ಲದೆ ದಾಟಿತು. ಕಂಬಿಗಳ ಹಿಂದೆ ಅವಳು ತಲೆಯನ್ನು ಹಲಗೆಗೆ ಒರಗಿಸಿ ಕೂತಿದ್ದಳು. ನಿದ್ದೆಯೋ ಏನೋ. ತೋಳು ಕಿಟಕಿಯ ಮೇಲಿತ್ತು. ಮೊಣಕೈಯ ಒಳಗೆ, ರಕ್ತ ತೆಗೆದ ಜಾಗದಲ್ಲಿ ಅಂಟಿಸಿದ್ದ ಪಟ್ಟಿ ಸಂಜೆ ಬೆಳಕಿನಲ್ಲಿ ಬೆಳ್ಳಗೆ ಕಂಡಿತು. ಒಂದು ಹನಿ ಕೆಂಪೂ ಇಲ್ಲದ, ಚೊಕ್ಕ ಬಿಳಿಯ ಚೌಕ. ಕಿಟಕಿಗಳು ಒಂದರ ಹಿಂದೆ ಒಂದು ಹೋದವು. ಎಲ್ಲವೂ ಹೋದ ಮೇಲೂ ಅದೊಂದು ಮಾತ್ರ ಹಳಿಯ ಕೊನೆಯಲ್ಲಿ ಉಳಿದಂತೆ ಅವನಿಗೆ ಕಾಣುತ್ತಿತ್ತು. ಹೆಗಲ ಚೀಲದೊಳಗೆ ಅವಳ ಫೋನು ಇನ್ನೂ ರಿಂಗಾಗುತ್ತಲೇ ಇತ್ತು. ಕರೆಯುತ್ತಿದ್ದವನು ಅವನೇ.